ಅಕ್ಕಿ ಮನೆಗೆ ಬಂತು, ಮಗುವಿನ ಮೈಗೆ ಯಾಕೆ ಹತ್ತಲಿಲ್ಲ?

ಪ್ರಶ್ನೆ: ನಾನು ಚಿತ್ತಾಪುರ ತಾಲ್ಲೂಕಿನ ಹಳ್ಳಿಯವಳು. ಕಲಬುರಗಿಯಲ್ಲಿ ಅರ್ಥಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಬಡ ದೇಶಗಳ ಹಸಿವು, ಬಡತನ ಕಡಿಮೆ ಮಾಡಲು ‘ಆಹಾರ ನೀತಿ ಸಂಶೋಧನೆ’ ನಡೆಯುತ್ತದೆ ಎಂದು ಪಾಠದಲ್ಲಿ ಬಂತು. ಎರಡು ವರ್ಷದ ಹಿಂದೆ ನಮ್ಮ ಮನೆಗೂ ಸರ್ವೆಯವರು ಬಂದಿದ್ದರು. ಅವ್ವನನ್ನು ಎರಡು ತಾಸು ಕೂರಿಸಿ ಕೇಳಿದರು, ಬರೆದುಕೊಂಡರು, ಹೋದರು. ಮತ್ತೆ ಸುದ್ದಿಯಿಲ್ಲ. ಮನೆಗೆ ತಿಂಗಳು ತಿಂಗಳು ಪುಕ್ಕಟೆ ಅಕ್ಕಿ ಬರುತ್ತದೆ. ಆದರೂ ಅಣ್ಣನ ಮಗುವಿನ ತೂಕ ಕಡಿಮೆ ಎಂದು ಅಂಗನವಾಡಿ ಟೀಚರ್ ಪ್ರತಿ ಸಲ ಹೇಳುತ್ತಾರೆ. ಹಾಗಾದರೆ ಈ ಸಂಶೋಧನೆಯಿಂದ ಯಾರಿಗೆ ಏನು ಲಾಭ, ಸರ್?

ಉತ್ತರ: ತಂಗಿ, ನಿಮ್ಮ ಸಿಟ್ಟಿನಲ್ಲಿ ಒಂದು ಪಾಲು ನನಗೂ ಸಲ್ಲಬೇಕು. ಹಾಗೆ ಮನೆ ಮನೆಗೆ ಹೋಗಿ ಹಾಳೆ ತುಂಬಿಸಿಕೊಂಡು ಬಂದವರಲ್ಲಿ ನಾನೂ ಒಬ್ಬ. ಅವ್ವನ ಎರಡು ತಾಸು ತೆಗೆದುಕೊಂಡು, ಏನು ಕಂಡೆವು ಅಂತ ತಿರುಗಿ ಬಂದು ಹೇಳದಿರುವುದು ತಪ್ಪೇ. ಅದಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ. ಆದರೆ ಅಕ್ಕಿ ಬಂದರೂ ಮಗುವಿನ ತೂಕ ಯಾಕೆ ಏರಲಿಲ್ಲ ಅನ್ನುವುದಕ್ಕೆ ಉತ್ತರ ಇದೆ. ಆ ಉತ್ತರ ಸಿಕ್ಕಿದ್ದೂ ಇಂಥ ಸರ್ವೆಗಳಿಂದಲೇ.

ಮೊದಲು ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದು. ಸೇಡಂ ಕಡೆಯ ಒಂದು ಹಳ್ಳಿ. ‘ನಿನ್ನೆ ಮನೆಯಲ್ಲಿ ಏನು ಊಟ’ ಎಂಬ ಕಾಲಂ ತುಂಬಬೇಕಿತ್ತು. ಕಟ್ಟೆ ಮೇಲೆ ಕೂತಿದ್ದ ಯಜಮಾನರು “ರೊಟ್ಟಿ, ಬ್ಯಾಳಿ, ಪುಂಡಿಪಲ್ಯ” ಅಂದರು. ಬರೆದುಕೊಂಡೆ. ಮನೆಯಲ್ಲಿ ಆರು ಮಂದಿ, ಆರೂ ಮಂದಿಗೆ ಬೇಳೆ ಅಂತ ಲೆಕ್ಕ ಹಾಕಿದೆ. ಚಹಾ ತಂದುಕೊಟ್ಟ ಸೊಸೆಗೆ ಸುಮ್ನೆ ಮಾತಿಗೆ ಅಂತ ಕೇಳಿದೆ, “ನೀವೇನು ಉಂಡಿರಿ?” ಆಕೆ ನಕ್ಕು, “ಬ್ಯಾಳಿ ನನಗ ಉಳಿದಿದ್ದಿಲ್ರೀ. ಹಿಂಡಿ ಹಚ್ಕೊಂಡು ಉಂಡೆ” ಅಂದಳು. ಹಿಂಡಿ ಅಂದರೆ ಬರೀ ಚಟ್ನಿಪುಡಿ. ಆಕೆ ಆಗ ಐದು ತಿಂಗಳ ಬಸುರಿ. ನನ್ನ ಹಾಳೆಯಲ್ಲಿ ಆ ಮಾತು ಬರೆಯಲು ಜಾಗವೇ ಇರಲಿಲ್ಲ.

ಮನೆಗೆ ಊಟ ಬಂದದ್ದು ಬೇರೆ, ಮನೆಯೊಳಗೆ ಅದು ಯಾರ ತಾಟಿಗೆ ಬಿತ್ತು ಅನ್ನುವುದು ಬೇರೆ. ಮೈಗೆ ಹತ್ತುವುದು ಮತ್ತೂ ಬೇರೆ. ಈ ಮೂರರ ನಡುವೆ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದೇ ಆಹಾರ ನೀತಿ ಸಂಶೋಧನೆಯ ಕೆಲಸ ಅಂತ ನಾನು ತಿಳಿದಿದ್ದೇನೆ.

ಬಹಳ ಕಾಲ ಸರ್ಕಾರಗಳು ಕೇಳುತ್ತಿದ್ದ ಪ್ರಶ್ನೆ ಒಂದೇ: ದೇಶದಲ್ಲಿ ಕಾಳು ಸಾಕಷ್ಟು ಇದೆಯಾ? 1981ರಲ್ಲಿ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಆ ಪ್ರಶ್ನೆಯನ್ನೇ ತಿರುಗಿಸಿ ಇಟ್ಟರು. 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಸೇನ್ ಲೆಕ್ಕ ತೆಗೆದು ನೋಡಿದರೆ 1941ರಲ್ಲಿ ಅದಕ್ಕಿಂತ ಕಡಿಮೆ ಅಕ್ಕಿ ಇತ್ತು, ಆದರೆ ಆ ವರ್ಷ ಕ್ಷಾಮ ಬಿದ್ದಿರಲಿಲ್ಲ. ಕೂಲಿಯವರು, ಮೀನುಗಾರರು, ಸಣ್ಣ ಕಸುಬಿನವರ ಕೈಲಿ ಅಕ್ಕಿ ಕೊಳ್ಳುವ ಶಕ್ತಿ ಹೋಗಿತ್ತು. ಅಂಗಡಿಯಲ್ಲಿ ಅಕ್ಕಿ ಇದ್ದೂ ಜನ ಸತ್ತರು. ಇದು ನಮ್ಮ ಹಿರಿಯರಿಗೆ ಗೊತ್ತಿಲ್ಲದ ಸಂಗತಿ ಏನಲ್ಲ. ಬರ ಬಿದ್ದಾಗ ಸಾಹುಕಾರನ ಹಗೇವಿನಲ್ಲಿ ಜೋಳ ಇರುತ್ತಿತ್ತು, ಅಲ್ವಾ? ಆದರೆ ಅಂಕಿ ಅಂಶದೊಂದಿಗೆ ಹೇಳಿದ ಮೇಲೆ ಮಂತ್ರಿಗಳೂ ಕೇಳಲೇಬೇಕಾಯಿತು.

ನಿಮ್ಮ ಪಾಠದಲ್ಲಿ ಬಂದಿರಬಹುದಾದ ಅಂತರರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆ, ಚಿಕ್ಕದಾಗಿ ಇಫ್‌ಪ್ರಿ, 1975ರಲ್ಲಿ ವಾಷಿಂಗ್ಟನ್ನಿನಲ್ಲಿ ಶುರುವಾಯಿತು. ಅದೇ ವರ್ಷ ನಮ್ಮ ಮಗ್ಗುಲಲ್ಲೇ ಇನ್ನೊಂದು ಕೆಲಸ ಶುರುವಾಗಿತ್ತು. ಬೀದರಿನಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಪಟಾನ್‌ಚೆರು ಸಿಗುತ್ತದಲ್ಲ, ಅಲ್ಲಿಯ ಒಣಬೇಸಾಯದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರು ಆರು ಹಳ್ಳಿ ಆರಿಸಿಕೊಂಡು, ಅವೇ ಮನೆಗಳಿಗೆ ವರ್ಷಗಟ್ಟಲೆ ಹೋಗಿ ಬರೆದುಕೊಂಡರು. ಅದರಲ್ಲಿ ಎರಡು ಹಳ್ಳಿ, ಶಿರಾಪುರ ಮತ್ತು ಕಲ್ಮನ್, ಪಕ್ಕದ ಸೋಲಾಪುರ ಜಿಲ್ಲೆಯವು. ನಮ್ಮದೇ ಎರೆ ಮಣ್ಣು, ನಮ್ಮದೇ ಹಿಂಗಾರಿ ಜೋಳ.

ಒಂದೇ ಮನೆಗೆ ಹತ್ತು ವರ್ಷ ಹೋದರೆ ಒಂದು ದಿನದ ಸರ್ವೆಯಲ್ಲಿ ಕಾಣದ್ದು ಕಾಣುತ್ತದೆ. ಬಡವರು ಯಾವಾಗಲೂ ಅವರೇ ಇರುವುದಿಲ್ಲ. ಒಂದು ವರ್ಷ ಮಳೆ ಕೈಕೊಟ್ಟರೆ, ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ, ಎತ್ತು ಮಾರಿದರೆ, ನಿನ್ನೆ ನೆಟ್ಟಗಿದ್ದ ಮನೆ ಇವತ್ತು ಕೂತುಬಿಡುತ್ತದೆ. ಮಹಾರಾಷ್ಟ್ರದ ಉದ್ಯೋಗ ಖಾತ್ರಿ ಕೆಲಸ ಸಿಗುತ್ತಿದ್ದ ಹಳ್ಳಿಗಳಲ್ಲಿ ಭೂಮಿ ಇಲ್ಲದವರ ವರ್ಷದ ಗಳಿಕೆ ಅಷ್ಟು ಏರಿಳಿಯಲಿಲ್ಲ ಅಂತಲೂ ಅಲ್ಲಿಯೇ ತಿಳಿಯಿತು. ಆ ಯೋಜನೆಯ ಅನುಭವದ ಮೇಲೇ 2005ರಲ್ಲಿ ದೇಶಕ್ಕೆಲ್ಲ ನರೇಗಾ ಕಾನೂನು ಬಂತು. ಶಿರಾಪುರದ ಅವ್ವಂದಿರು ಕೊಟ್ಟ ಉತ್ತರದ ಫಲ ಅವರಿಗೆ ನೇರವಾಗಿ ಬರಲಿಲ್ಲ. ಸುತ್ತಿ ಬಳಸಿ, ಮೂವತ್ತು ವರ್ಷ ತಡವಾಗಿ, ಬೇರೆ ಯಾರದೋ ಹಳ್ಳಿಯ ಕೆರೆ ಹೂಳೆತ್ತುವ ಕೆಲಸವಾಗಿ ಬಂತು. ಸಂಶೋಧನೆಯ ಲಾಭ ಹೀಗೇ ಇರುತ್ತದೆ, ಕೊಟ್ಟವರ ಕೈಗೆ ತಿರುಗಿ ಸಿಗುವುದು ಅಪರೂಪ.

ಈಗ ಅಕ್ಕಿಗೆ ಬರೋಣ.

ಬಾಂಗ್ಲಾದೇಶದಲ್ಲಿ ಹಳ್ಳಿಗಳಿಗೆ ರೇಷನ್ ಕೊಡುವ ದೊಡ್ಡ ಯೋಜನೆ ಇತ್ತು. ಕಾಳಿನ ಬಹುಪಾಲು ಬಡವರನ್ನು ಮುಟ್ಟುತ್ತಲೇ ಇಲ್ಲ ಎಂದು ಇಫ್‌ಪ್ರಿ ಅಧ್ಯಯನದಲ್ಲಿ ಗೊತ್ತಾಯಿತು. 1990ರ ದಶಕದ ಶುರುವಿನಲ್ಲಿ ಸರ್ಕಾರ ಆ ಯೋಜನೆಯನ್ನೇ ನಿಲ್ಲಿಸಿತು. 1993ರಲ್ಲಿ ಬಡವರ ಮಕ್ಕಳು ಶಾಲೆಗೆ ಬಂದರೆ ಮನೆಗೆ ಗೋಧಿ ಇಲ್ಲವೇ ಅಕ್ಕಿ ಕೊಡುವ ಯೋಜನೆ ತಂದಿತು. ರೇಷನ್ ನಿಲ್ಲಿಸಿ ಅಂತ ಹೇಳುವುದು ಯಾವ ಸಂಶೋಧಕನಿಗೂ ಸುಲಭದ ಮಾತಲ್ಲ. ಬಡವರ ವಿರೋಧಿ ಅನ್ನಿಸಿಕೊಳ್ಳಬೇಕಾಗುತ್ತದೆ. ನನ್ನ ದೃಷ್ಟಿಯಲ್ಲಿ ಈ ಕಸುಬಿನ ನಿಜವಾದ ಬೆಲೆ ಇರುವುದು ಅಲ್ಲೇ: ಒಳ್ಳೆಯ ಮನಸ್ಸಿನಿಂದ ಮಾಡಿದ ಯೋಜನೆಯೂ ಕೆಲಸ ಮಾಡುತ್ತಿಲ್ಲ ಎಂದು ಲೆಕ್ಕ ಇಟ್ಟು ಹೇಳುವುದು.

ಮೆಕ್ಸಿಕೊದವರು 1997ರಲ್ಲಿ ಬಡ ತಾಯಂದಿರ ಕೈಗೆ ನೇರ ಹಣ ಕೊಡತೊಡಗಿದರು. ಮಕ್ಕಳನ್ನು ಶಾಲೆಗೆ ಕಳಿಸಬೇಕು, ದವಾಖಾನೆಗೆ ತೋರಿಸಬೇಕು ಎಂಬ ಷರತ್ತು. ಇದು ಕೆಲಸ ಮಾಡುತ್ತದೋ ಇಲ್ಲವೋ ಎಂದು ತಿಳಿಯಲು 506 ಹಳ್ಳಿ ಆರಿಸಿ, ಚೀಟಿ ಎತ್ತಿದ ಹಾಗೆ 320 ಹಳ್ಳಿಗೆ ಮೊದಲು ಕೊಟ್ಟರು, 186 ಹಳ್ಳಿಗೆ ತಡವಾಗಿ ಕೊಟ್ಟರು. ಚೀಟಿ ಯಾಕೆ? ಚುರುಕಾದ ಹಳ್ಳಿಗಳಿಗೇ ಮೊದಲು ಕೊಟ್ಟಿದ್ದರೆ, ಆಮೇಲೆ ಕಂಡ ಸುಧಾರಣೆ ಹಣದ್ದೋ ಆ ಊರಿನದೋ ಹೇಳಲಾಗುವುದಿಲ್ಲ. ಕೊನೆಗೆ ಮಕ್ಕಳು, ಅದರಲ್ಲೂ ಹುಡುಗಿಯರು, ಮೇಲಿನ ತರಗತಿಗೆ ಹೋಗುವುದು ಹೆಚ್ಚಿತು. ಊಟವೂ ಸುಧಾರಿಸಿತು. 2000ದಲ್ಲಿ ಸರ್ಕಾರ ಬದಲಾದರೂ ಹೊಸಬರು ಹೆಸರು ಬದಲಿಸಿ ಮುಂದುವರಿಸಿದರು. ಅಂಕಿ ಅಷ್ಟು ಗಟ್ಟಿ ಇತ್ತು. ಹಿಂದಿನವರ ಯೋಜನೆಯನ್ನು ಮುಂದಿನವರು ಉಳಿಸಿಕೊಳ್ಳುವುದು ಎಷ್ಟು ಅಪರೂಪ ಅಂತ ಇಲ್ಲಿ ಬಿಡಿಸಿ ಹೇಳಬೇಕಿಲ್ಲ.

ನಿಮ್ಮ ಅಣ್ಣನ ಮಗುವಿಗೆ ನೇರ ತಾಗುವುದು ಇನ್ನೊಂದು. 2012ರಿಂದ 2014ರ ತನಕ ಬಾಂಗ್ಲಾದೇಶದ ಉತ್ತರ ಭಾಗದ ಹಳ್ಳಿಗಳಲ್ಲಿ ನಡೆದದ್ದು. ಕೆಲವು ಬಡ ತಾಯಂದಿರಿಗೆ ಬರೀ ಆಹಾರ ಪದಾರ್ಥ. ಕೆಲವರಿಗೆ ಬರೀ ದುಡ್ಡು. ಕೆಲವರಿಗೆ ಅರ್ಧ ಅದು, ಅರ್ಧ ಇದು. ಇನ್ನು ಕೆಲವರಿಗೆ ದುಡ್ಡಿನ ಜೊತೆ ವಾರ ವಾರ ಕೂರಿಸಿ ಮಾತು: ಆರು ತಿಂಗಳ ಮೇಲೆ ಮಗುವಿಗೆ ಏನು ಉಣಿಸಬೇಕು, ಎಷ್ಟು ಸಲ, ಕೈ ತೊಳೆಯುವುದು ಯಾಕೆ ಅಂತ. ಆ ಕೂಟಕ್ಕೆ ಅತ್ತೆಯರನ್ನೂ ಗಂಡಂದಿರನ್ನೂ ಕರೆಯುತ್ತಿದ್ದರು. ಎರಡು ವರ್ಷದ ಮೇಲೆ ಅಳೆದರೆ, ಪದಾರ್ಥ ಕೊಟ್ಟಲ್ಲಿ ಮಕ್ಕಳ ಎತ್ತರ ಸುಧಾರಿಸಿರಲಿಲ್ಲ. ಬರೀ ದುಡ್ಡು ಕೊಟ್ಟಲ್ಲಿಯೂ ಇಲ್ಲ. ದುಡ್ಡು ಮತ್ತು ಮಾತು ಎರಡೂ ಇದ್ದಲ್ಲಿ ಮಾತ್ರ ಕುಬ್ಜ ಬೆಳವಣಿಗೆಯ, ಅಂದರೆ ವಯಸ್ಸಿಗೆ ತಕ್ಕ ಎತ್ತರ ಇಲ್ಲದ, ಮಕ್ಕಳ ಪ್ರಮಾಣ 7.3 ಶೇಕಡಾ ಅಂಶದಷ್ಟು, ನೂರಕ್ಕೆ ಸುಮಾರು ಏಳು ಮಕ್ಕಳಷ್ಟು, ಇಳಿದಿತ್ತು.

ಅಕ್ಕಿ ದಂಡವಾಯಿತು ಅಂತ ಇದರ ಅರ್ಥವಲ್ಲ. ಅಕ್ಕಿ ಇಲ್ಲದಿದ್ದರೆ ನಿಮ್ಮ ಮನೆಯವರು ಆ ಕಾಳು ಕೊಳ್ಳಲು ಸಾಲ ಮಾಡುತ್ತಿದ್ದರು, ಇಲ್ಲವೇ ಗುಳೆ ಹೋಗುತ್ತಿದ್ದರು. ಕೊರೊನಾ ವರ್ಷದಲ್ಲಿ ಮುಂಬೈ, ಪುಣೆಯಿಂದ ತಿರುಗಿ ಬಂದವರನ್ನು ಕಾದದ್ದು ಅದೇ ರೇಷನ್ ಅಂಗಡಿ. ಅಕ್ಕಿ ಹಸಿವಿಗೆ ಮದ್ದು. ಬೆಳವಣಿಗೆಗೆ ಅದೊಂದೇ ಸಾಲದು. ನೂರು ಗ್ರಾಂ ಅಕ್ಕಿಯಲ್ಲಿ ಏಳೆಂಟು ಗ್ರಾಂ ಪ್ರೋಟೀನ್ ಇದ್ದರೆ ತೊಗರಿಬೇಳೆಯಲ್ಲಿ ಇಪ್ಪತ್ತರ ಮೇಲೆ. ಒಂದು ವರ್ಷದ ಮಗುವಿನ ಹೊಟ್ಟೆ ಒಂದು ಹಿಡಿಯಷ್ಟು. ಅದನ್ನು ತೆಳು ಗಂಜಿಯಿಂದ ತುಂಬಿಸಿದರೆ ಬೇರೆ ಯಾವುದಕ್ಕೂ ಜಾಗ ಉಳಿಯುವುದಿಲ್ಲ.

ಇಫ್‌ಪ್ರಿಯ ಹಳೆಯ ಅಧ್ಯಯನ ಒಂದಿದೆ, 2000ದಲ್ಲಿ ಬಂದದ್ದು. 63 ಬಡ ದೇಶಗಳಲ್ಲಿ 1970ರಿಂದ 1995ರ ನಡುವೆ ಮಕ್ಕಳ ತೂಕದ ಕೊರತೆ ಇಳಿದದ್ದು ಯಾತರಿಂದ ಎಂದು ಲೆಕ್ಕ ಹಾಕಿದ್ದರು. ಆಹಾರ ಹೆಚ್ಚು ಸಿಕ್ಕಿದ್ದರ ಪಾಲು ಶೇ. 26. ಹೆಣ್ಣುಮಕ್ಕಳ ಓದಿನ ಪಾಲು ಶೇ. 43. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಹಿಂದಿನ ಬೆಂಚಿನ ಹುಡುಗರು ನಗುತ್ತಾರೆ, ಮುಂದಿನ ಬೆಂಚಿನ ಹುಡುಗಿಯರು ಬರೆದುಕೊಳ್ಳುತ್ತಾರೆ.

ದೂರದ ದೇಶಗಳ ಮಾತು ಸಾಕು ಅನ್ನುತ್ತೀರೇನೋ. ಯಾದಗಿರಿಗೆ ಬನ್ನಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ಯಾದಗಿರಿಯಲ್ಲಿ ಅಂಥವರು ಅರ್ಧಕ್ಕಿಂತ ಜಾಸ್ತಿ. 2021ರ ಡಿಸೆಂಬರಿನಲ್ಲಿ ನಮ್ಮ ಕಡೆಯ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ಬೇಡ ಅಂದವರಿಗೆ ಬಾಳೆಹಣ್ಣು ಕೊಡಲು ಶುರು ಮಾಡಿದರು. ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ಮೊಟ್ಟೆ ಸಿಗುತ್ತಿದ್ದ ಯಾದಗಿರಿ ಮಕ್ಕಳನ್ನೂ, ಸಿಗದ ಗದಗದ ಮಕ್ಕಳನ್ನೂ ತೂಗಿ ನೋಡಿದರು. ಯಾದಗಿರಿ ಮಕ್ಕಳ ತೂಕ ಹೆಚ್ಚು ಏರಿತ್ತು. ಮುಂದೆ ಮೊಟ್ಟೆ ರಾಜ್ಯಕ್ಕೆಲ್ಲ ಹೋಯಿತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ಹಣ ಸೇರಿ ವಾರಕ್ಕೆ ಆರು ದಿನ ಆಯಿತು.

ಈ ಅಧ್ಯಯನದಲ್ಲಿ ಚೀಟಿ ಎತ್ತಿರಲಿಲ್ಲ ಅನ್ನುವುದು ನಿಮ್ಮ ಗಮನಕ್ಕೆ ಬಂದಿರಬೇಕು. ಗದಗ ಬೇರೆ, ಯಾದಗಿರಿ ಬೇರೆ. ಪರೀಕ್ಷೆಯಲ್ಲಿ ಕೇಳಿದರೆ ಆ ದೋಷ ಬರೆಯಿರಿ, ಅಂಕ ಸಿಗುತ್ತದೆ. ಆದರೆ ನನಗೆ ಅದರ ಮೇಲೆ ಪ್ರೀತಿ ಇದೆ. ಮೊಟ್ಟೆ ಬೇಕೋ ಬೇಡವೋ ಅಂತ ಜಾತಿ, ಮಠ, ಮಡಿ ಅಂತ ಜಗಳ ನಡೆಯುತ್ತಿದ್ದ ಹೊತ್ತಿನಲ್ಲಿ ಯಾರೋ ಒಬ್ಬರು ತಕ್ಕಡಿ ಹಿಡಿದು ಶಾಲೆಗೆ ಹೋದರು.

ಇನ್ನು ತೊಗರಿ. ಇದನ್ನು ಬಿಟ್ಟು ಕಲಬುರಗಿಯವರು ಆಹಾರ ನೀತಿ ಮಾತಾಡುವುದು ಹೇಗೆ?

2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಊರಿಗೆ ಊರೇ ತೊಗರಿ ಬಿತ್ತಿತು. ಮಳೆಯೂ ಆಯಿತು. ದೇಶದ ಬೆಳೆ ಒಂದೇ ವರ್ಷದಲ್ಲಿ ಸುಮಾರು 25 ಲಕ್ಷ ಟನ್ನಿನಿಂದ 48 ಲಕ್ಷ ಟನ್ ದಾಟಿತು. ಅತ್ತ 2016ರಲ್ಲಿ ಕೇಂದ್ರ ಸರ್ಕಾರ ಮೊಜಾಂಬಿಕ್ ಜೊತೆ ತೊಗರಿ ತರಿಸುವ ಒಪ್ಪಂದ ಮಾಡಿಕೊಂಡಿತ್ತು. 2006ರಿಂದ ಇದ್ದ ರಫ್ತು ನಿಷೇಧವನ್ನು 2017ರ ಸೆಪ್ಟೆಂಬರ್ ತನಕ ಎತ್ತಲಿಲ್ಲ. ಮಾಲು ಒಳಗೆ ಬರಲು ಬಾಗಿಲು ತೆರೆದಿತ್ತು, ಹೊರಗೆ ಹೋಗಲು ಬೀಗ. ಕ್ವಿಂಟಲ್‌ಗೆ 5,050 ರೂಪಾಯಿ ಬೆಂಬಲ ಬೆಲೆ ಇದ್ದರೂ ಗಂಜ್‌ನಲ್ಲಿ (ಕೃಷಿ ಮಾರುಕಟ್ಟೆಯಲ್ಲಿ) ರೇಟು ಅದಕ್ಕಿಂತ ಕೆಳಗೆ ಬಿತ್ತು. ಖರೀದಿ ಕೇಂದ್ರದ ಮುಂದೆ ಚೀಲ ಇಟ್ಟುಕೊಂಡು ರಾತ್ರಿ ಮಲಗಿದವರಿಗೆ ಅದು ನೆನಪಿರುತ್ತದೆ. 2022ರಲ್ಲಿ ನೆಟೆ ರೋಗ ಬಂದು ನಿಂತ ಬೆಳೆ ಒಣಗಿತು. ಅಂದ ಹಾಗೆ, ಒಂದು ಕಾಲಕ್ಕೆ ಆ ರೋಗ ತಡೆಯುತ್ತದೆ ಅಂತ ಹೆಸರಾಗಿದ್ದ ‘ಮಾರುತಿ’ ತಳಿ ಇಕ್ರಿಸ್ಯಾಟ್‌ನ ಸಂಗ್ರಹದಿಂದ ಬಂದು ನಮ್ಮ ಹೊಲಗಳಲ್ಲೇ ಹಬ್ಬಿತ್ತು. ರೋಗವೂ ಸುಮ್ನೆ ಕೂರುವುದಿಲ್ಲ ನೋಡಿ, ತಳಿಯ ಕೆಲಸ ಮುಗಿಯಿತು ಅಂತ ಆಗುವುದೇ ಇಲ್ಲ.

ಬೆಲೆ ನೀತಿಯ ಕಷ್ಟ ಏನೆಂದರೆ, ಪೇಟೆಯವರಿಗೆ ಬೇಳೆ ಅಗ್ಗ ಆಗಬೇಕು, ರೈತನಿಗೆ ತೊಗರಿ ತುಟ್ಟಿ ಆಗಬೇಕು. ಹಳ್ಳಿಯ ಕೂಲಿಯವರು ಬೇಳೆ ಕೊಂಡು ತಿನ್ನುವವರೇ, ಹಾಗಾಗಿ ಅವರ ಹಿತ ಪೇಟೆಯವರ ಜೊತೆ ಸೇರುತ್ತದೆ. ಸಣ್ಣ ರೈತನದು ಇನ್ನೂ ವಿಚಿತ್ರ. ರಾಶಿ ಆದ ಕೂಡಲೇ ಸಾಲ ತೀರಿಸಲು ಅಡತಿ ಅಂಗಡಿಗೆ ತೊಗರಿ ಹಾಕುತ್ತಾನೆ. ಆಗ ರೇಟು ಇಳಿದಿರುತ್ತದೆ. ಆಷಾಢದ ಹೊತ್ತಿಗೆ ಕಿರಾಣಿ ಅಂಗಡಿಯಿಂದ ಕಾಲು ಕಿಲೋ ಬೇಳೆ ಉದ್ದರಿ ತರುತ್ತಾನೆ. ಆಗ ರೇಟು ಏರಿರುತ್ತದೆ. 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ಬೇಳೆ ಬೆಳೆಯುವ ಜಿಲ್ಲೆಯಲ್ಲೇ ಬಸುರಿಗೆ ಬೇಳೆ ಉಳಿಯದಿರುವುದು ಹೀಗೆ. ನಾನು ಆವತ್ತು ಆ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಅವರ ಹೊಲದಲ್ಲಿ ತೊಗರಿ ಎದೆಯೆತ್ತರ ನಿಂತಿತ್ತು.

ಜೋಳದ ಕತೆಯೂ ಸ್ವಲ್ಪ ಇದೇ. ಪುಕ್ಕಟೆ ಅಕ್ಕಿ ಬಂದು ಜೋಳ ತಿನ್ನುವುದು ಬಿಟ್ಟರು ಅಂತ ಭಾಷಣದಲ್ಲಿ ಹೇಳುತ್ತಾರೆ. ಅರ್ಧ ನಿಜ. ಇನ್ನರ್ಧ ಹೆಣ್ಣುಮಕ್ಕಳನ್ನು ಕೇಳಿದರೆ ತಿಳಿಯುತ್ತದೆ. ದಿನವಿಡೀ ಕಳೆ ಕಿತ್ತು ಬಂದವಳು ಒಲೆ ಮುಂದೆ ಕೂತು ಇಪ್ಪತ್ತು ರೊಟ್ಟಿ ಬಡಿಯಬೇಕು. ಅನ್ನಕ್ಕೆ ಕುಕ್ಕರ್ ಇಟ್ಟರೆ ಆಯಿತು. ಬೇಸಾಯ ಮಾಡುವವರು ಕಣಿಕೆ ಮೇವಿನ ಆಸೆಗೆ, ಎತ್ತುಗಳಿಗಾಗಿ ಜೋಳ ಹಾಕುತ್ತಿದ್ದರು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಜೋಳವೂ ಹಿಂದೆ ಸರಿಯಿತು. ಸಿರಿಧಾನ್ಯ ಮೇಳದಲ್ಲಿ ಜೋಳದ ಬಿಸ್ಕತ್ತು ಮಾರಿದರೆ ಇದು ತಿರುಗುವುದಿಲ್ಲ.

ಕರ್ನಾಟಕದಲ್ಲಿ ಯಾರೂ ಯೋಚಿಸದೆಯೇ ಒಂದು ದೊಡ್ಡ ಪ್ರಯೋಗ ನಡೆದುಹೋಗಿದೆ. 2023ರ ಜುಲೈನಿಂದ ಹೆಚ್ಚುವರಿ ಐದು ಕಿಲೋ ಅಕ್ಕಿ ಸಿಗಲಿಲ್ಲ ಅಂತ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. ಆ ಆಗಸ್ಟಿನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯೊಡತಿಯ ಹೆಸರಿಗೆ ಬರತೊಡಗಿತು. 2025ರ ಫೆಬ್ರವರಿಯಿಂದ ದುಡ್ಡಿನ ಬದಲು ಮತ್ತೆ ಅಕ್ಕಿ. ಅಕ್ಟೋಬರಿನಲ್ಲಿ, ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ಕೊಡಬೇಕೆಂದು ಸಂಪುಟ ತೀರ್ಮಾನಿಸಿತು. ಅಕ್ಕಿ, ದುಡ್ಡು, ಬೇಳೆ ಮೂರೂ ನಮ್ಮ ಕಣ್ಣ ಮುಂದೆ. ನನ್ನನ್ನು ಕೇಳಿದರೆ ಬೇಳೆಯ ದಾರಿ ಸರಿ. ಆದರೆ ಆ ಬೇಳೆಯನ್ನು ನಮ್ಮ ಗಂಜ್‌ನಿಂದ ರಾಶಿ ಕಾಲದಲ್ಲೇ ಕೊಂಡರೆ ಒಂದೇ ಕಲ್ಲಿಗೆ ಎರಡು ಹಣ್ಣು ಬೀಳುತ್ತವೆ. ಅತ್ತೆ-ಸೊಸೆಯರನ್ನು ಒಟ್ಟಿಗೆ ಕೂರಿಸಿ ಮಾತಾಡುವ ಕೆಲಸ ಅಂಗನವಾಡಿಯಲ್ಲಿ ಆಗದಿದ್ದರೆ ಕಿಟ್‌ನ ಬೇಳೆಯೂ ಯಜಮಾನರ ತಾಟಿನ ತನಕ ಮಾತ್ರ ಹೋದೀತು.

ನೀವು ಎಂ.ಎ. ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಇದನ್ನೇ ಹಿಡಿಯಿರಿ. ನೂರು ಮನೆಗೆ ಒಂದು ಸಲ ಹೋಗುವ ಬದಲು ಹತ್ತು ಮನೆಗೆ ತಿಂಗಳಿಗೊಮ್ಮೆ ಹೋಗಿ. ಬೇಳೆ ಎಷ್ಟು ದಿನ ಮಾಡಿದರು, ಯಾರು ಮೊದಲು ಉಂಡರು, ಯಾರು ಕೊನೆಗೆ. ಯಜಮಾನರನ್ನು ಕಟ್ಟೆ ಮೇಲೆ ಬಿಟ್ಟು ಅಡುಗೆಮನೆಯಲ್ಲಿ ಕೂತು ಕೇಳಿ. ಮುಗಿದ ಮೇಲೆ ಆ ಹತ್ತು ಮನೆಗೂ ತಿರುಗಿ ಹೋಗಿ ಕಂಡದ್ದನ್ನು ಹೇಳಿ. ನಮ್ಮ ತಲೆಮಾರಿನವರು ಮಾಡದ್ದು ಅದು.

ಅಣ್ಣನ ಮಗುವಿನ ವಿಷಯದಲ್ಲಿ ಕಾಯಬೇಡಿ. ಅಂಗನವಾಡಿಯಲ್ಲಿ ತೋಳಿನ ಸುತ್ತಳತೆ ನೋಡುವ ಪಟ್ಟಿ ಇರುತ್ತದೆ. ಆರು ತಿಂಗಳಿಂದ ಐದು ವರ್ಷದ ಮಗುವಿಗೆ ಅದು 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅವತ್ತೇ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕರೆದೊಯ್ಯಬೇಕು. ಅಷ್ಟು ಕಡಿಮೆ ಇಲ್ಲ ಅಂದರೆ ಅನ್ನಕ್ಕೆ ನೀರಿನಂಥ ಸಾರಿನ ಬದಲು ಗಟ್ಟಿ ಬೇಳೆ ಕಲಸಿ, ಒಂದು ಚಮಚ ಎಣ್ಣೆಯೋ ತುಪ್ಪವೋ ಹಾಕಿ, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಉಣಿಸಲಿ. ಮನೆಯಲ್ಲಿ ತಿನ್ನುವುದಾದರೆ ಮೊಟ್ಟೆ. ವೈನಿ ಏನು ಉಣ್ಣುತ್ತಿದ್ದಾರೆ ಅಂತಲೂ ನೋಡಿ.

ಒಮ್ಮೆ ಅವ್ವನ ಹತ್ತಿರ ಕೂತು ಕೇಳಿ ನೋಡಿ, ಆ ಎರಡು ತಾಸಿನಲ್ಲಿ ಸರ್ವೆಯವರು ಕೇಳದೇ ಬಿಟ್ಟದ್ದು ಏನು ಅಂತ. ಅವರು ಹೇಳಿದ್ದನ್ನು ನನಗೆ ಬರೆದು ಕಳಿಸಿ.